ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಾಲಿನ ರಕ್ತನಾಳದ ಕಾಯಿಲೆಯಲ್ಲಿ ಊಟದ ಲೆಕ್ಕ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ಬೀಡಿ ಸೇದುವುದನ್ನು ಕಳೆದ ವರ್ಷವಷ್ಟೇ ಬಿಟ್ಟರು. ಮೊದಲು ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಈಗ ಬಲಗಾಲಿನ ಹೆಬ್ಬೆರಳಿನ ಬಳಿ ಹುಣ್ಣಾಗಿ ಎರಡು ತಿಂಗಳಾದರೂ ಮಾಯುತ್ತಿಲ್ಲ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಮಂಡಿಯ ಕೆಳಗಿನ ರಕ್ತನಾಳಗಳು ಕಟ್ಟಿಕೊಂಡಿವೆ ಎಂದು ಹೇಳಿ, ಬಲೂನ್ ಚಿಕಿತ್ಸೆಗೆ ದಿನ ಗೊತ್ತುಮಾಡಿದ್ದಾರೆ. ಎಂಟು ತಿಂಗಳ ಹಿಂದೆ 61 ಕಿಲೋ ಇದ್ದವರು ಈಗ 52 ಕಿಲೋ ಆಗಿದ್ದಾರೆ, ಎತ್ತರ 168 ಸೆಂಟಿಮೀಟರ್, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಡೆಸಿಲೀಟರಿಗೆ 3.1 ಗ್ರಾಂ. ಹುಣ್ಣಿಗೆ ನಂಜಾಗುತ್ತದೆಂದು ತೊಗರಿಬೇಳೆ, ಮೊಟ್ಟೆ, ಬದನೆಕಾಯಿ ನಿಲ್ಲಿಸಿ, ಬೆಳಿಗ್ಗೆ ಗಂಜಿ, ಎರಡು ಹೊತ್ತು ಅನ್ನ, ತಿಳಿಸಾರು, ಮಜ್ಜಿಗೆ ಕೊಡುತ್ತಿದ್ದೇವೆ. ಆಸ್ಪತ್ರೆಯ ಡಯೆಟಿಷಿಯನ್ ಏನೋ ಲೆಕ್ಕ ಹಾಕಿ, ‘ಇವರ ಪೌಷ್ಟಿಕತೆಯ ಅಂಕ ತುಂಬಾ ಕಡಿಮೆ ಇದೆ, ಇದು ಕಾಲಿಗಷ್ಟೇ ಅಲ್ಲ, ಜೀವಕ್ಕೂ ಸಂಬಂಧಿಸಿದ್ದು’ ಎಂದರು. ಕಾಲಿನ ಕಾಯಿಲೆಗೂ ಆಯುಸ್ಸಿಗೂ ಊಟಕ್ಕೂ ಏನು ಸಂಬಂಧ? ಆ ಅಂಕವನ್ನು ಎಷ್ಟು ನಂಬಬೇಕು?
– ಓದುಗರು, ಅರಸೀಕೆರೆ

ಉತ್ತರ: ಡಯೆಟಿಷಿಯನ್ ಹೇಳಿದ್ದು ಸರಿ. ಆದರೆ ಆ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದರಿಂದ ನಿಮಗೆ ಗಾಬರಿಯಾಗಿದೆ. ಕಾಲಿನ ರಕ್ತನಾಳದ ಗೋಡೆಯಲ್ಲಿ ಕೊಬ್ಬು, ಸುಣ್ಣ ಕೂಡಿಕೊಂಡು ದಾರಿ ಕಿರಿದಾಗುವ ಈ ಕಾಯಿಲೆ ಕಾಲಿನಲ್ಲಿ ಕಾಣಿಸಿಕೊಂಡರೂ ಕಾಲಿಗೆ ಸೀಮಿತವಾಗಿ ಇರುವುದು ಅಪರೂಪ. ಅದೇ ಬಗೆಯ ಕಿರಿದಾಗುವಿಕೆ ಹೃದಯದ ಮತ್ತು ಮಿದುಳಿನ ರಕ್ತನಾಳಗಳಲ್ಲಿಯೂ ಮೆಲ್ಲಗೆ ನಡೆದಿರುತ್ತದೆ. ಈ ರೋಗಿಗಳಲ್ಲಿ ಸಾವಿಗೆ ಮುಖ್ಯ ಕಾರಣ ಹೃದಯಾಘಾತ ಮತ್ತು ಪಾರ್ಶ್ವವಾಯು. 2007ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ದಾಖಲೆಯ ಅಂದಾಜಿನಂತೆ, ನಡೆದಾಗ ಮಾತ್ರ ನೋವು ಬರುವ ಹಂತದಲ್ಲಿರುವವರಲ್ಲಿ ಐದು ವರ್ಷಗಳೊಳಗೆ ನೂರಕ್ಕೆ 10ರಿಂದ 15 ಮಂದಿ ತೀರಿಕೊಂಡರೆ, ಹುಣ್ಣು, ಗ್ಯಾಂಗ್ರೀನ್ ಅಥವಾ ಮಲಗಿದಾಗಲೂ ಬಿಡದ ನೋವಿನ ಹಂತ ತಲುಪಿದವರಲ್ಲಿ ಒಂದೇ ವರ್ಷದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ತೀರಿಕೊಳ್ಳುತ್ತಿದ್ದರು. ಅದಾದ ಮೇಲೆ ಔಷಧಿಯೂ ಬಲೂನ್, ಸ್ಟೆಂಟ್ ಚಿಕಿತ್ಸೆಯೂ ಸುಧಾರಿಸಿವೆ. ಆದರೂ ಈ ಹುಣ್ಣನ್ನು ‘ಶುಗರ್‌ನ ಗಾಯ, ಡ್ರೆಸ್ಸಿಂಗ್ ಮಾಡಿದರೆ ಮಾಯುತ್ತದೆ’ ಎಂದು ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವಷ್ಟು ಹಗುರವಾಗಿ ನೋಡಬಾರದು.

ಇನ್ನು ಊಟದ ವಿಷಯ. ಮಾಯದ ಹುಣ್ಣು ಮತ್ತು ಅದರೊಳಗಿನ ಸೋಂಕು ದೇಹದಲ್ಲಿ ಉರಿಯೂತವನ್ನು ಸದಾ ಜೀವಂತವಾಗಿ ಇಡುತ್ತವೆ. ಆ ಸ್ಥಿತಿಯಲ್ಲಿ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿ ಪ್ರೋಟೀನ್ ಒದಗಿಸಿಕೊಳ್ಳುತ್ತದೆ, ಹಸಿವೂ ತಗ್ಗುತ್ತದೆ. ರಕ್ತ ಸಾಲದ ಕಾಲಿನಲ್ಲಿ ಮೀನಖಂಡ ಮೊದಲೇ ಸೊರಗಿರುತ್ತದೆ. ನೋವಿನಿಂದ ನಡಿಗೆ ನಿಂತರೆ ಇನ್ನಷ್ಟು ಸೊರಗುತ್ತದೆ. ಹೀಗೆ ಮೈಯಲ್ಲಿ ದಾಸ್ತಾನಿಲ್ಲದ ವ್ಯಕ್ತಿಗೆ ಒಂದು ನ್ಯುಮೋನಿಯಾ, ಒಂದು ಶಸ್ತ್ರಚಿಕಿತ್ಸೆ, ಒಂದು ಸಣ್ಣ ಹೃದಯಾಘಾತ ಬಂದರೂ ಚೇತರಿಸಿಕೊಳ್ಳುವುದು ಕಷ್ಟ. ಮುಖ್ಯವಾಗಿ ಜಪಾನಿನ ವೈದ್ಯರು ಇಂಥ ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಚಿಕಿತ್ಸೆಯ ಹೊತ್ತಿಗೆ ಪೌಷ್ಟಿಕತೆ ಕುಗ್ಗಿದ್ದವರಲ್ಲಿ ಸಾವೂ ಕಾಲು ಕಳೆದುಕೊಳ್ಳುವುದೂ ಹೆಚ್ಚೆಂದು ಮತ್ತೆ ಮತ್ತೆ ಕಂಡುಬಂದಿದೆ.

ನಿಮ್ಮ ಡಯೆಟಿಷಿಯನ್ ಹಾಕಿದ್ದು ಬಹುಶಃ ಜಿ.ಎನ್.ಆರ್.ಐ. ಎಂಬ ಲೆಕ್ಕ, 2005ರಲ್ಲಿ ಫ್ರಾನ್ಸಿನ ವೈದ್ಯರು ವಯಸ್ಸಾದ ರೋಗಿಗಳಿಗಾಗಿ ರೂಪಿಸಿದ್ದು. ಅಲ್ಬುಮಿನ್ ಅಂಕಿಯನ್ನು 14.89ರಿಂದ ಗುಣಿಸಬೇಕು. ಈಗಿನ ತೂಕವನ್ನು ಎತ್ತರಕ್ಕೆ ತಕ್ಕ ತೂಕದಿಂದ ಭಾಗಿಸಿ, ಬಂದದ್ದನ್ನು 41.7ರಿಂದ ಗುಣಿಸಬೇಕು. ಎರಡನ್ನೂ ಕೂಡಿದರೆ ಅಂಕ ಸಿಗುತ್ತದೆ. ಮೀಟರಿನಲ್ಲಿರುವ ಎತ್ತರದ ವರ್ಗವನ್ನು 22ರಿಂದ ಗುಣಿಸಿದರೆ ತಕ್ಕ ತೂಕ ಬರುತ್ತದೆ; ನಿಮ್ಮ ತಂದೆಯವರಿಗೆ ಅದು ಸುಮಾರು 62 ಕಿಲೋ. ಅಲ್ಬುಮಿನ್‌ನಿಂದ 46, ತೂಕದಿಂದ 35, ಒಟ್ಟು 81. 98ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ, 82ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಅಪಾಯ ಎಂದು ಎಣಿಸುವ ವಾಡಿಕೆ. ಲೆಕ್ಕವೇ ಬೇಡವೆಂದರೂ, ಎಂಟು ತಿಂಗಳಲ್ಲಿ 61ರಿಂದ 52ಕ್ಕೆ ಇಳಿದದ್ದೇ ಸಾಕಷ್ಟು ಹೇಳುತ್ತದೆ. ಬೇಡವೆಂದಿದ್ದರೂ ಆರು ತಿಂಗಳೊಳಗೆ ನೂರಕ್ಕೆ ಐದು ಭಾಗ ಅಥವಾ ಅದಕ್ಕಿಂತ ದೀರ್ಘ ಅವಧಿಯಲ್ಲಿ ಹತ್ತು ಭಾಗಕ್ಕಿಂತ ಹೆಚ್ಚು ತೂಕ ಇಳಿದರೆ ಅದು ಅಪೌಷ್ಟಿಕತೆಯ ಲಕ್ಷಣವೆಂದು ಈಗ ಜಗತ್ತಿನಾದ್ಯಂತ ಒಪ್ಪಿದ್ದಾರೆ. ನಿಮ್ಮ ತಂದೆಯವರು ಹೆಚ್ಚು ಕಡಿಮೆ ಹದಿನೈದು ಭಾಗ ಕಳೆದುಕೊಂಡಿದ್ದಾರೆ.

ಆದರೆ ಈ ಅಂಕವನ್ನು ಜಾತಕದಂತೆ ಓದಬಾರದು. ಅದು ನೂರಾರು ಜನರ ಗುಂಪಿನ ಬಗ್ಗೆ ಹೇಳುತ್ತದೆಯೇ ಹೊರತು ಒಬ್ಬರು ಎಷ್ಟು ವರ್ಷ ಇರುತ್ತಾರೆಂದು ಹೇಳುವುದಿಲ್ಲ. ಎರಡನೆಯದಾಗಿ, ಅಲ್ಬುಮಿನ್ ಕಡಿಮೆಯಾಗಿದೆ ಎಂದಾಕ್ಷಣ ಊಟ ಕಡಿಮೆಯಾಗಿದೆ ಎಂದೇ ಅರ್ಥವಲ್ಲ. ಅದನ್ನು ತಯಾರಿಸುವುದು ಪಿತ್ತಜನಕಾಂಗ. ಸೋಂಕು, ಉರಿಯೂತ ಇದ್ದಾಗ ಪಿತ್ತಜನಕಾಂಗ ಆ ಕೆಲಸವನ್ನು ಬದಿಗಿಟ್ಟು ಬೇರೆ ಪ್ರೋಟೀನುಗಳ ತಯಾರಿಗೆ ತೊಡಗುತ್ತದೆ, ಮೂತ್ರದಲ್ಲಿ ಸೋರಿಹೋದರೂ ಅಲ್ಬುಮಿನ್ ಇಳಿಯುತ್ತದೆ. ಹಾಗಾಗಿ ಅಲ್ಬುಮಿನ್ ಒಂದನ್ನೇ ನೋಡಿ ಅಪೌಷ್ಟಿಕತೆ ಎಂದು ತೀರ್ಮಾನಿಸಬಾರದೆಂಬುದು ಇಂದಿನ ಪೋಷಣಾ ತಜ್ಞರ ನಿಲುವು. ಕೋನಟ್ ಎಂಬ ಇನ್ನೊಂದು ಅಂಕವಿದೆ. ಅದು ಅಲ್ಬುಮಿನ್, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಮತ್ತು ಒಟ್ಟು ಕೊಲೆಸ್ಟರಾಲ್ ನೋಡಿ, ಕೊಲೆಸ್ಟರಾಲ್ ಇಳಿದಷ್ಟೂ ಪೌಷ್ಟಿಕತೆ ಕೆಟ್ಟಿದೆ ಎಂದು ಎಣಿಸುತ್ತದೆ. ನಮ್ಮ ರೋಗಿಗಳಿಗೆ ಕೊಲೆಸ್ಟರಾಲ್ ಇಳಿಸಲೆಂದೇ ಸ್ಟ್ಯಾಟಿನ್ ಮಾತ್ರೆ ಕೊಟ್ಟಿರುತ್ತೇವೆ! ಅಂಕ ಸರಿಯಾಗಲಿ ಎಂದು ಯಾರಾದರೂ ಸ್ಟ್ಯಾಟಿನ್ ಬಿಟ್ಟರೆ ಅದಕ್ಕಿಂತ ಕೆಟ್ಟದ್ದಿಲ್ಲ.

ಹಾಗಾದರೆ ಚೆನ್ನಾಗಿ ಊಟ ಕೊಟ್ಟರೆ ಆಯುಸ್ಸು ಹೆಚ್ಚುವುದೇ? ಕಾಲಿನ ರಕ್ತನಾಳದ ರೋಗಿಗಳಲ್ಲೇ ಇದನ್ನು ಪರೀಕ್ಷಿಸಿ ಸಾಬೀತುಪಡಿಸಿದ ದೊಡ್ಡ ಪ್ರಯೋಗವನ್ನು ನಾನು ಉದಾಹರಿಸಲಾರೆ. ಹೆಚ್ಚಿನವು ಗಮನಿಸಿ ಬರೆದ ಅಧ್ಯಯನಗಳು. ಆದರೆ ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ನಾನಾ ಕಾಯಿಲೆಗಳಿಂದ ದಾಖಲಾಗಿದ್ದ, ಪೌಷ್ಟಿಕತೆ ಕುಗ್ಗಿದ್ದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ಕ್ಯಾಲೊರಿ, ಪ್ರೋಟೀನ್ ಲೆಕ್ಕ ಹಾಕಿ ಊಟ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂವತ್ತು ದಿನಗಳಲ್ಲಿ ಮಾಮೂಲು ಊಟದ ಗುಂಪಿನಲ್ಲಿ ನೂರಕ್ಕೆ 10 ಮಂದಿ ತೀರಿಕೊಂಡರೆ, ಲೆಕ್ಕದ ಊಟದ ಗುಂಪಿನಲ್ಲಿ 7 ಮಂದಿ. ಇದು ಕಾಲಿನ ರೋಗಿಗಳ ಪ್ರಯೋಗವಲ್ಲ ಎಂಬುದು ನೆನಪಿರಲಿ. ಆದರೂ ಸೊರಗಿದ ರೋಗಿಗೆ ಉಣಿಸುವುದು ವ್ಯರ್ಥವಲ್ಲ ಎನ್ನಲು ಇಷ್ಟು ಆಧಾರ ನನಗೆ ಸಾಕು.

ಈಗ ನಿಮ್ಮ ಅಡುಗೆಮನೆಗೆ ಬರುತ್ತೇನೆ. ನಂಜಿನ ಭಯ ನಮ್ಮಲ್ಲಿ ಹಳೆಯದು. ಹೊಲಿಗೆ ಹಾಕಿದ ದಿನವೇ ‘ಬೇಳೆ ಕೊಡಬೇಡಿ, ಕೀವು ತುಂಬುತ್ತದೆ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ, ಅವರ ಕಾಳಜಿಯಲ್ಲಿ ಸುಳ್ಳಿಲ್ಲ. ಆದರೆ ಕೀವಾಗುವುದು ಬ್ಯಾಕ್ಟೀರಿಯಾದಿಂದ. ತೊಗರಿಬೇಳೆಯಾಗಲಿ ಮೊಟ್ಟೆಯಾಗಲಿ ಹುಣ್ಣಿನಲ್ಲಿ ಕೀವು ತರುವುದಿಲ್ಲ. ಹೊಸ ಚರ್ಮ, ಹೊಸ ಮಾಂಸ ಕಟ್ಟಲು ಬೇಕಾದ ವಸ್ತು ಅವುಗಳಲ್ಲೇ ಇದೆ. ನೀವು ಬರೆದಿರುವ ಗಂಜಿ, ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ಇಡೀ ದಿನಕ್ಕೆ ಸಿಗುವ ಪ್ರೋಟೀನ್ 20 ಗ್ರಾಂ ಆಸುಪಾಸು ಇರಬಹುದು. ಆರೋಗ್ಯವಂತ ವಯಸ್ಕರಿಗೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸೂಚಿಸಿದ್ದು ಕಿಲೋ ತೂಕಕ್ಕೆ 0.83 ಗ್ರಾಂ. ವಯಸ್ಸಾಗಿ, ಕಾಯಿಲೆಯೂ ಹುಣ್ಣೂ ಇರುವವರಿಗೆ 1.2ರಿಂದ 1.5 ಗ್ರಾಂ ಬೇಕೆಂಬುದು ತಜ್ಞರ ಅಭಿಪ್ರಾಯ; ನಿಮ್ಮ ತಂದೆಯವರಿಗೆ ದಿನಕ್ಕೆ 62ರಿಂದ 78 ಗ್ರಾಂ. ಮೂತ್ರಪಿಂಡದ ಕ್ರಿಯಾಟಿನಿನ್ ವರದಿಯನ್ನು ವೈದ್ಯರಿಗೆ ತೋರಿಸಿ, ತೊಂದರೆಯಿಲ್ಲ ಎಂದರೆ ಮಾತ್ರ ಈ ಮಟ್ಟಕ್ಕೆ ಏರಿಸಬೇಕು.

ಇಷ್ಟನ್ನು ಡಬ್ಬಿಯ ಪುಡಿ ಇಲ್ಲದೆಯೇ ಹೊಂದಿಸಬಹುದು. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಹಾಲು ಮೊಸರು ಸೇರಿ 400 ಮಿಲಿಯಲ್ಲಿ 13, ಅಳೆದು ಹಾಕಿದ 60 ಗ್ರಾಂ ಬೇಳೆ ಕಾಳಿನಲ್ಲಿ 13, ಒಂದು ಹಿಡಿ ಹುರಿದ ಕಡಲೆಕಾಯಿಬೀಜದಲ್ಲಿ 7, ದಿನದ ಅಕ್ಕಿ, ರಾಗಿ, ಗೋಧಿಯಿಂದ 15 ಅಥವಾ 16. ಒಟ್ಟು 60 ಅಥವಾ 61 ಆಗುತ್ತದೆ. ಮೀನು ಕೋಳಿ ತಿನ್ನುವ ಮನೆಯಾದರೆ ಕೆಲಸ ಇನ್ನೂ ಸುಲಭ. ಮೊಟ್ಟೆ ತಿನ್ನದವರು ಮೊಳಕೆ ಹೆಸರುಕಾಳು, ಪನೀರ್, ಸೋಯಾ ಸೇರಿಸಿಕೊಳ್ಳಲಿ. ತಿಳಿಸಾರನ್ನು ಗಟ್ಟಿ ಬೇಳೆಸಾರು ಮಾಡುವುದು, ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಬೇಯಿಸುವುದು, ಅದಕ್ಕೆ ಒಂದು ಚಮಚ ಕಡಲೆಕಾಯಿ ಪುಡಿ ಬೆರೆಸುವುದು: ಹೊಟ್ಟೆ ಬೇಗ ತುಂಬುವ ಮುದುಕರಿಗೆ ತಟ್ಟೆಯ ಗಾತ್ರ ಹೆಚ್ಚಿಸುವುದಕ್ಕಿಂತ ತುತ್ತಿನ ಸತ್ವ ಹೆಚ್ಚಿಸುವುದೇ ನಡೆಯುವ ಉಪಾಯ. ಊಟ ಹೆಚ್ಚಾದರೆ ಶುಗರ್ ತುಸು ಏರಬಹುದು. ಆಗ ಮಾತ್ರೆ ಅಥವಾ ಇನ್ಸುಲಿನ್ ಸರಿಹೊಂದಿಸುವುದು ವೈದ್ಯರ ಕೆಲಸ. ಊಟ ಕಡಿಮೆ ಮಾಡಿ ಶುಗರ್ ಇಳಿಸುವ ಹಂತದಲ್ಲಿ ನಿಮ್ಮ ತಂದೆಯವರು ಈಗ ಇಲ್ಲ. ವಾರಗಟ್ಟಲೆ ಬಹಳ ಕಡಿಮೆ ಉಂಡವರಿಗೆ ಒಮ್ಮೆಲೇ ತುಂಬ ಉಣಿಸಿದರೆ ರಕ್ತದ ಪೊಟ್ಯಾಸಿಯಂ, ಫಾಸ್ಫರಸ್ ಕುಸಿದು ಅಪಾಯವಾಗಬಹುದು. ಆದ್ದರಿಂದ ಡಯೆಟಿಷಿಯನ್ ನಿಗಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ.

ಅವರು ಏಕೆ ಉಣ್ಣುತ್ತಿಲ್ಲ ಎಂಬುದನ್ನೂ ಪಕ್ಕದಲ್ಲಿ ಕುಳಿತು ನೋಡಿ. ಬೀಡಿ ಸೇದಿದವರಲ್ಲಿ ಹಲ್ಲು ಅಲುಗಾಡುವುದು, ಒಸಡು ನೋಯುವುದು ಸಾಮಾನ್ಯ. ಗಟ್ಟಿ ರೊಟ್ಟಿ ಪಕ್ಕಕ್ಕೆ ಸರಿಸಿ ‘ಹಸಿವಿಲ್ಲ’ ಎನ್ನುತ್ತಾರೆ. ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ನೋವಿನಲ್ಲಿ ಕೂತವರಿಗೆ ಬೆಳಿಗ್ಗೆ ತಿಂಡಿ ಬೇಡವಾಗಿರುತ್ತದೆ. ಕೆಲವು ನೋವಿನ ಮಾತ್ರೆಗಳಿಂದ ವಾಕರಿಕೆ, ಮಲಬದ್ಧತೆ ಬರುತ್ತವೆ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೆಲವರ ಹಸಿವು ಕುಗ್ಗಿಸುತ್ತದೆ. ಇಷ್ಟು ವೇಗವಾಗಿ ತೂಕ ಇಳಿದಾಗ, ಅದರಲ್ಲೂ ಧೂಮಪಾನ ಮಾಡಿದವರಲ್ಲಿ, ಕ್ಷಯ, ಥೈರಾಯ್ಡ್ ಮತ್ತು ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ವೈದ್ಯರ ಕರ್ತವ್ಯ. ಅವರು ಮರೆತಿದ್ದರೆ ನೀವೇ ಕೇಳಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಮೊದಲು ಮೈ ತುಂಬಲಿ, ಆಮೇಲೆ ಬಲೂನ್ ಹಾಕಿಸೋಣ’ ಎಂದು ಚಿಕಿತ್ಸೆಯ ದಿನವನ್ನು ಮುಂದೂಡಬೇಡಿ. ರಕ್ತ ಹರಿಯದ ಬೆರಳಿಗೆ ಎಷ್ಟು ಉಂಡರೂ ಅದು ತಲುಪುವುದಿಲ್ಲ. ಚಿಕಿತ್ಸೆಯೂ ಊಟವೂ ಒಟ್ಟಿಗೇ ನಡೆಯಲಿ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್, ಸ್ಟ್ಯಾಟಿನ್, ಬಿ.ಪಿ. ಮಾತ್ರೆ ತಪ್ಪದಿರಲಿ. ಬೀಡಿ ಮತ್ತೆ ಕೈಗೆ ಬಾರದಿರಲಿ.

ಪ್ರಶ್ನೆ: ನನ್ನ ತಾಯಿ ದಪ್ಪ ಮೈಯವರು, 155 ಸೆಂಟಿಮೀಟರ್ ಎತ್ತರಕ್ಕೆ 82 ಕಿಲೋ. ಅವರಿಗೂ ಇದೇ ಕಾಯಿಲೆ, ಹುಣ್ಣಿಲ್ಲ, ನಡೆದರೆ ನೋವು ಮಾತ್ರ. ಈ ಕಾಯಿಲೆಯಲ್ಲಿ ತೆಳ್ಳಗಿರುವವರಿಗಿಂತ ದಪ್ಪಗಿರುವವರೇ ಹೆಚ್ಚು ಕಾಲ ಬದುಕುತ್ತಾರೆಂದು ನೆಂಟರೊಬ್ಬರು ಹೇಳಿದರು. ಹಾಗಿದ್ದರೆ ತೂಕ ಇಳಿಸುವುದು ತಪ್ಪೇ?
– ಓದುಗರು, ಪುಣೆ

ಉತ್ತರ: ನೆಂಟರು ಹೇಳಿದ್ದು ಗಾಳಿಮಾತಲ್ಲ. ಹಲವು ಅಧ್ಯಯನಗಳಲ್ಲಿ ಅತಿ ತೆಳ್ಳಗಿದ್ದವರ ಸಾವಿನ ಪ್ರಮಾಣವೇ ಹೆಚ್ಚು ಕಂಡಿದೆ. ಆದರೆ ಅದರಿಂದ ಬೊಜ್ಜು ರಕ್ಷಣೆ ಕೊಡುತ್ತದೆ ಎಂಬ ತೀರ್ಮಾನಕ್ಕೆ ಬರಲಾಗದು. ತೆಳ್ಳಗಿರುವವರ ಗುಂಪಿನಲ್ಲಿ ಬಹುಕಾಲ ಸಿಗರೇಟು ಸೇದಿ ಶ್ವಾಸಕೋಶ ಕೆಡಿಸಿಕೊಂಡವರು, ಒಳಗೆ ಬೇರೆ ಕಾಯಿಲೆ ಇದ್ದು ಅದರಿಂದಲೇ ಇಳಿದುಹೋದವರು ಹೆಚ್ಚಿರುತ್ತಾರೆ. ಸೊರಗಿದ್ದು ಸಾವಿನ ಕಾರಣವೋ ಅಥವಾ ಬರಲಿರುವ ಸಾವಿನ ಗುರುತೋ ಎಂದು ಬಿಡಿಸುವುದು ಸುಲಭವಲ್ಲ. ಜೊತೆಗೆ 82 ಕಿಲೋ ಎಂಬ ಅಂಕಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು, ಪಾದದ ಬಾವಿನ ನೀರೆಷ್ಟು ಎಂದು ಹೇಳುವುದಿಲ್ಲ. ದಪ್ಪಗಿದ್ದೂ ಮಾಂಸಖಂಡ ಬರಿದಾದವರನ್ನು ನಾವು ದಿನವೂ ನೋಡುತ್ತೇವೆ. ಕೈ ಆಸರೆಯಿಲ್ಲದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ತಾಯಿಯವರಿಗೆ ಹನ್ನೆರಡು ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಸ್ನಾಯುಬಲ ಕುಗ್ಗಿರಬಹುದೆಂದು ಏಷ್ಯಾದ ತಜ್ಞರ 2019ರ ಮಾರ್ಗಸೂಚಿ ಎಣಿಸುತ್ತದೆ. ಮಂಡಿ ನೋವಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸಬಹುದು.

ಹುಣ್ಣಿಲ್ಲದ ನಿಮ್ಮ ತಾಯಿಯವರು ನಿಧಾನವಾಗಿ ತೂಕ ಇಳಿಸಬಹುದು, ಇಳಿಸಬೇಕು. ಮಂಡಿಗೂ ಶುಗರ್‌ಗೂ ಬಿ.ಪಿ.ಗೂ ಒಳ್ಳೆಯದು. ಆದರೆ ಅನ್ನ, ಎಣ್ಣೆ, ಸಿಹಿ ಕಡಿಮೆಯಾಗಲಿ, ಬೇಳೆ ಕಾಳು ಮೊಸರು ಕಡಿಮೆಯಾಗದಿರಲಿ. ಉಪವಾಸ ಮಾಡಿ ತಿಂಗಳಿಗೆ ಆರು ಕಿಲೋ ಇಳಿಸುವ ಹುಚ್ಚು ಬೇಡ. ಸಕ್ಕರೆ ಕಾಯಿಲೆಯೂ ಇದ್ದರೆ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬಹುದು. ಸಕ್ಕರೆ ಕಾಯಿಲೆಯ ಜೊತೆಗೆ ನಡೆದರೆ ಕಾಲು ನೋಯುತ್ತಿದ್ದ 792 ಮಂದಿಯಲ್ಲಿ ನಡೆಸಿ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವರ್ಷದ ಬಳಿಕ ಈ ಔಷಧಿ ಪಡೆದವರು ನಡೆಯಬಲ್ಲ ದೂರ ಉಳಿದವರಿಗಿಂತ ಸ್ವಲ್ಪ ಹೆಚ್ಚಿತ್ತು. ಇದೇ ಔಷಧಿ ಹಸಿವನ್ನು ಕುಗ್ಗಿಸುವುದರಿಂದ ಮೇಲಿನ ಪ್ರಶ್ನೆಯ ತಂದೆಯವರಂತೆ ಸೊರಗಿದವರಿಗೆ ತಕ್ಕದ್ದಲ್ಲ.

ಪ್ರಶ್ನೆ: ಅಣ್ಣನಿಗೆ 54 ವರ್ಷ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಿಡ್ನಿ ತೊಂದರೆ ಶುರುವಾದಾಗ ಪ್ರೋಟೀನ್ ಕಡಿಮೆ ಮಾಡಿ ಎಂದಿದ್ದರು, ಇಂದಿಗೂ ಹಾಗೇ ನಡೆಸುತ್ತಿದ್ದೇವೆ. ಈಗ ಕಾಲಿನ ಕಿರುಬೆರಳು ಕಪ್ಪಾಗುತ್ತಿದೆ, ಆದರೂ ಕಾಲಿನ ಬಿ.ಪಿ. ಪರೀಕ್ಷೆ ‘ಚೆನ್ನಾಗಿದೆ’ ಎಂದು ಬಂದಿದೆ.
– ಓದುಗರು, ದಾವಣಗೆರೆ

ಉತ್ತರ: ಹಳೆಯ ಸಲಹೆ ಡಯಾಲಿಸಿಸ್ ಶುರುವಾದ ದಿನಕ್ಕೇ ಮುಗಿಯಿತು. ಡಯಾಲಿಸಿಸ್‌ಗೆ ಮುಂಚೆ ಪ್ರೋಟೀನ್ ಮಿತಿಗೊಳಿಸುವುದು ಮೂತ್ರಪಿಂಡದ ಭಾರ ತಗ್ಗಿಸಲು. ಡಯಾಲಿಸಿಸ್ ಶುರುವಾದ ಮೇಲೆ ಪ್ರತಿ ಸಲವೂ ಪ್ರೋಟೀನಿನ ಘಟಕವಾದ ಅಮೈನೋ ಆಮ್ಲ ಹಲವು ಗ್ರಾಂ ಸೋರಿಹೋಗುವುದರಿಂದ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕಾಗುತ್ತದೆ. ಈ ಬದಲಾವಣೆಯನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳದೆ, ವರ್ಷಗಟ್ಟಲೆ ಹಳೆಯ ಪಥ್ಯ ಮುಂದುವರಿಯುವುದನ್ನು ಆಗಾಗ ಕಾಣುತ್ತೇವೆ. ಡಯಾಲಿಸಿಸ್‌ನವರಲ್ಲಿ ಪೌಷ್ಟಿಕತೆಯೂ ಉರಿಯೂತವೂ ರಕ್ತನಾಳದ ಸುಣ್ಣವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅವರ ಕಾಲಿಗೂ ಜೀವಕ್ಕೂ ಅಪಾಯ ಉಳಿದವರಿಗಿಂತ ಹೆಚ್ಚು. ಮೊಟ್ಟೆಯ ಬಿಳಿಭಾಗ ಇವರಿಗೆ ಉತ್ತಮ, ಏಕೆಂದರೆ ಫಾಸ್ಫರಸ್ ಅದರಲ್ಲಿ ಕಡಿಮೆ. ಬೇಳೆ ಕಾಳನ್ನು ಪೂರ್ತಿ ಬಿಡಬೇಕಾಗಿಲ್ಲ. ಅವುಗಳಲ್ಲಿರುವ ಫಾಸ್ಫರಸ್ ದೇಹಕ್ಕೆ ಅಷ್ಟಾಗಿ ಹೀರಿಕೆಯಾಗುವುದಿಲ್ಲ, ಪ್ಯಾಕೆಟ್ ತಿಂಡಿ, ಕಪ್ಪು ಕೋಲಾ ಪಾನೀಯಗಳಿಗೆ ಬೆರೆಸುವ ಫಾಸ್ಫೇಟ್ ಬಹುಪಾಲು ಹೀರಿಕೆಯಾಗುತ್ತದೆ. ಪೊಟ್ಯಾಸಿಯಂ ವರದಿ ನೋಡಿಕೊಂಡು ಪ್ರಮಾಣ ನಿಗದಿಯಾಗಲಿ. ಮೈಯಲ್ಲಿ ನೀರು ತುಂಬಿದಾಗ ತೂಗಿದ ತೂಕ ಮೋಸ ಮಾಡುತ್ತದೆ, ಡಯಾಲಿಸಿಸ್ ಮುಗಿದ ಮೇಲಿನ ತೂಕವನ್ನೇ ತಿಂಗಳು ತಿಂಗಳು ಹೋಲಿಸಿ.

ಪರೀಕ್ಷೆಯ ಬಗ್ಗೆ: ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಎನ್ನುತ್ತಾರೆ. ಆದರೆ ಡಯಾಲಿಸಿಸ್‌ನವರ, ಸಕ್ಕರೆ ಕಾಯಿಲೆಯವರ ರಕ್ತನಾಳಗಳು ಸುಣ್ಣಗಟ್ಟಿ ಪಟ್ಟಿಯ ಒತ್ತಡಕ್ಕೆ ಬಗ್ಗದಿರುವುದರಿಂದ ಅಂಕಿ ಸುಳ್ಳಾಗಿ ಮೇಲೇರುತ್ತದೆ. 1.4 ದಾಟಿದ್ದರೆ ಅದನ್ನು ‘ಚೆನ್ನಾಗಿದೆ’ ಎಂದು ಓದಬಾರದು. ಕಾಲ್ಬೆರಳಿನ ಒತ್ತಡ ಅಳೆಯಬೇಕು, ಡಾಪ್ಲರ್ ಮಾಡಬೇಕು. ಬೆರಳು ಕಪ್ಪಾಗುತ್ತಿರುವುದರಿಂದ ಈ ವಾರವೇ ರಕ್ತನಾಳ ಶಸ್ತ್ರಚಿಕಿತ್ಸಕರನ್ನು ಕಾಣಿ.

ಪ್ರಶ್ನೆ: ಹೃದಯಕ್ಕೆ, ನರಕ್ಕೆ ಒಳ್ಳೆಯದೆಂದು ಬಿ ಕಾಂಪ್ಲೆಕ್ಸ್, ವಿಟಮಿನ್ ಇ ಮಾತ್ರೆ ನುಂಗುತ್ತಿದ್ದೇನೆ. ಈ ಕಾಯಿಲೆಯಲ್ಲಿ ಉಪಯೋಗವಿದೆಯೇ?
– ಓದುಗರು, ಶಿರಸಿ

ಉತ್ತರ: ಹೃದಯಾಘಾತ, ಪಾರ್ಶ್ವವಾಯು ತಡೆಯಲೆಂದು ಬಿ ಗುಂಪಿನ ವಿಟಮಿನ್ ಕೊಡುವುದರಿಂದ ಪ್ರಯೋಜನವಿಲ್ಲವೆಂದು ಈ ಕಾಯಿಲೆಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ, ವಿಟಮಿನ್ ಇ ವಿಷಯವೂ ಅಷ್ಟೇ. ಬಿ12 ಕೊರತೆ ಮಾತ್ರ ಬೇರೆ ಮಾತು. ಸಸ್ಯಾಹಾರಿಗಳಲ್ಲಿ, ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದು ಸಾಮಾನ್ಯ, ಪಾದ ಜೋಮು ಹಿಡಿದು ಗಾಯವೇ ಗೊತ್ತಾಗದಂತೆ ಮಾಡುತ್ತದೆ. ಪರೀಕ್ಷಿಸಿ, ಕಡಿಮೆಯಿದ್ದರೆ ತುಂಬಿಕೊಳ್ಳಿ. ಮಾತ್ರೆಯ ಹಣವನ್ನು ಹಾಲು ಮೊಟ್ಟೆಗೆ ಹಾಕಿದರೆ ನನ್ನ ಆಕ್ಷೇಪವಿಲ್ಲ.

ಪ್ರಶ್ನೆ: ಬಡಕಲಾಗಿರುವ ನಮ್ಮ ಮಾವನವರಿಗೆ ದಿನವೂ ನಡೆಯಿರಿ ಎನ್ನುತ್ತಾರೆ. ನಡೆದರೆ ಇನ್ನೂ ಇಳಿದುಹೋಗುವುದಿಲ್ಲವೇ? ನೋವು ಬಂದಾಗ ನಿಲ್ಲಬೇಕೇ?
– ಓದುಗರು, ಧಾರವಾಡ

ಉತ್ತರ: ಪಾದದಲ್ಲಿ ಹುಣ್ಣು ಅಥವಾ ಮಲಗಿದಾಗಲೂ ನೋವು ಇಲ್ಲದಿದ್ದರೆ ನಡಿಗೆಯೇ ಚಿಕಿತ್ಸೆ. ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ನಡೆದು, ನಿಂತು, ನೋವು ಆರಿದ ಮೇಲೆ ಮತ್ತೆ ನಡೆಯಬೇಕು. ಹೀಗೆ ವಿಶ್ರಾಂತಿಯೂ ಸೇರಿ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ಸಲ, ಮೂರು ತಿಂಗಳು ಬಿಡದೆ ನಡೆದರೆ ನೋವಿಲ್ಲದೆ ಸಾಗುವ ದೂರ ಹೆಚ್ಚುತ್ತದೆ. ಹೃದಯದ ತೊಂದರೆಯಿದ್ದರೆ ಶುರುಮಾಡುವ ಮುನ್ನ ವೈದ್ಯರಿಗೆ ತೋರಿಸಿ. ಬಡಕಲಾದವರು ಊಟ ಹೆಚ್ಚಿಸದೆ ನಡಿಗೆ ಮಾತ್ರ ಹೆಚ್ಚಿಸಿದರೆ ನಿಮ್ಮ ಭಯ ನಿಜವಾಗುತ್ತದೆ. ನಡೆದು ಬಂದ ಒಂದು ಗಂಟೆಯೊಳಗೆ ಒಂದು ಲೋಟ ಹಾಲು, ಬೇಯಿಸಿದ ಕಾಳು ಅಥವಾ ಮೊಟ್ಟೆ ಕೊಡಿ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನೂ ಮಾಡಿಸಿ. ಪಾದದಲ್ಲಿ ಹುಣ್ಣಿದ್ದರೆ ನಡಿಗೆ ಬೇಡ, ಕುಳಿತೇ ಮಾಡುವ ಕೈಗಳ ವ್ಯಾಯಾಮ ಸಾಕು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಸ್ಪರ್ಶ ತಿಳಿಯದಂತಾದರೆ ಬೆಳಗಾಗುವವರೆಗೆ ಕಾಯದೆ, ರಕ್ತನಾಳ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆ ಕ್ಷಣವೇ ಕರೆದೊಯ್ಯಿರಿ. ಅಲ್ಲಿ ಕಾಲು ಉಳಿಸಿಕೊಳ್ಳಲು ಇರುವ ಅವಕಾಶ ಕೆಲವೇ ಗಂಟೆಗಳದು.